ತೋಳಿನ ಗೆರೆ

ಅಂಗಿಯನ್ನು ಕೊಡವಿ ಗಾಡಿಯ ಹಲಗೆಯ ಮೇಲೆ ಹಾಸಿದ ಎಡಚಿಯ ಕೈ ಅಲ್ಲೇ ನಿಂತಿತು. ಹಿಂಡಿ ಹಿಪ್ಪೆ ಮಾಡಿದಂತಿದ್ದ ಸುಕ್ಕುಗಳ ನಡುವೆ ತೋಳಿನ ಗೆರೆ ಮಾತ್ರ ನೆಟ್ಟಗಿತ್ತು, ಹೊಲಿಗೆಗಿಂತ ಒಂದು ಬೆರಳು ಹಿಂದಕ್ಕೆ. ಎಡಗೈಯಲ್ಲಿ ಇಸ್ತ್ರಿ ಹಾಕುವ ಅವಳ ಕೆಲಸದಲ್ಲಿ ಮಾತ್ರ ಗೆರೆ ಹಾಗೆ ಬೀಳುತ್ತಿತ್ತು. ಮೂಗಿಗೆ ಹಿಡಿದಳು. ಬೆವರಿಲ್ಲ, ಸೋಪಿಲ್ಲ, ಇದ್ದಿಲಿನ ವಾಸನೆ ಇನ್ನೂ ಇತ್ತು.

"ಇದು ಕೊನೇ ಮನೆ ಮೇಷ್ಟ್ರ ಅಂಗಿ. ಮೊನ್ನೆ ತಾನೇ ಮಾಡಿ ಕೊಟ್ಟಿದ್ದು. ಹಾಕ್ಕೊಂಡೇ ಇಲ್ಲ," ಎಂದಳು.

ಪಕ್ಕದಲ್ಲಿ ಕೂತು ಕೆಂಡಕ್ಕೆ ಗಾಳಿ ಬೀಸುತ್ತಿದ್ದ ಗಂಡ ತಲೆ ಎತ್ತಿದ. ಜ್ವರದಿಂದ ಎದ್ದ ಮೇಲೆ ಅವನಿಗೆ ಅಷ್ಟೇ ದೊಡ್ಡ ಕೆಲಸ. "ಹಾಗಾದ್ರೆ ನಿನ್ನ ಕೆಲಸ ಹಿಡಿಸಿಲ್ಲ. ಹೋಗಿ ಕೇಳ್ಕೊಂಡು ಬಾ. ಇರೋ ಈ ಬೀದಿ ಮನೆಗಳೂ ಕೈತಪ್ಪಿದ್ರೆ ಮಣ್ಣು ತಿನ್ಬೇಕಾಗುತ್ತೆ."

ಅದು ಸುಳ್ಳಲ್ಲ. ರೋಗ ಹಬ್ಬಿ ಕಚೇರಿಗಳಿಗೆ ಬೀಗ ಬಿದ್ದ ಮೇಲೆ ಇಸ್ತ್ರಿ ಯಾರಿಗೆ ಬೇಕು? ಸರ್ಕಾರದ ನೆರವು ಕಾರ್ಡಿದ್ದ ಕಾರ್ಮಿಕರಿಗೆ ಸಿಕ್ಕಿತು. ಬೀದಿಗೆಲ್ಲ ದುಡಿಯುವ ಇವರನ್ನು ನಮ್ಮ ಕೆಲಸದವರು ಎಂದು ಹೇಳುವ ಯಜಮಾನನೇ ಇಲ್ಲದ್ದರಿಂದ ಇವರಿಗೆ ಕಾರ್ಡೇ ಆಗಿರಲಿಲ್ಲ. ಮೇಷ್ಟ್ರ ಹೆಂಡತಿ ಅಕ್ಕಿಚೀಲ ತಂದಾಗ ಎಡಚಿಯ ಗಂಡ ಜ್ವರದಲ್ಲಿ ಮಲಗಿದ್ದಲ್ಲಿಂದಲೇ, "ಬೇಡ ಅಮ್ಮಾ, ಕೆಲಸ ಇದ್ರೆ ಕೊಡಿ," ಎಂದು ವಾಪಸು ಕಳಿಸಿದ್ದ. ಎಡಚಿ ಅಂದು ಅವನ ಮೇಲೆ ಹಲ್ಲು ಕಡಿದಿದ್ದಳು. ಅದಾದ ವಾರದಲ್ಲೇ ಗೇಟುಗಳ ಮೇಲೆ ಬಟ್ಟೆಗಂಟುಗಳು ಕಾಣಿಸಿಕೊಂಡು ಮನೆಯಲ್ಲಿ ಮತ್ತೆ ಒಲೆ ಹೊತ್ತಿತ್ತು.

ಅಂಗಿ ಹಿಡಿದು ಹೊರಟಳು. ಮೇಷ್ಟ್ರೋ ಒಂದು ಗುಂಡಿ ಸಡಿಲವಾದರೂ ಬೀದಿಗೆಲ್ಲ ಕೇಳುವಂತೆ ಗದರುವ ಆಸಾಮಿ. ತಪ್ಪಾಯಿತು ಎನ್ನಲು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಳು.

ಮೇಷ್ಟ್ರ ಮನೆಯ ಕಿಟಕಿ ತೆರೆದಿತ್ತು. ಒಳಗೆ ನೆಲದ ಮೇಲೆ ಗಂಡ ಹೆಂಡತಿ ಎದುರುಬದುರು ಕೂತಿದ್ದರು. ನಡುವೆ ಎಡಚಿ ನಿನ್ನೆ ಮಡಿಸಿ ಕೊಟ್ಟ ಬಟ್ಟೆಗಳು. ಮೇಷ್ಟ್ರು ಒಂದು ಪ್ಯಾಂಟು ಬಿಚ್ಚಿ, ಉಂಡೆ ಕಟ್ಟಿ, ಅದರ ಮೇಲೆ ಕೂತರು.

"ಸರಿಯಾಗಿ ಕೂತ್ಕೊಳ್ಳಿ. ಮೊನ್ನೆ ಅಂಗಿಯ ತೋಳು ಸುಕ್ಕೇ ಆಗಿರ್ಲಿಲ್ಲ," ಎಂದರು ಹೆಂಡತಿ.

"ಅವಳು ಹಾಕಿದ ಗೆರೆ ಹೋದ್ರೆ ತಾನೇ? ಏನು ಕೈ ಅದು! ನೀರು ಚಿಮುಕಿಸಿ ಮುದುರಿ ಅಂತ ಎದುರು ಮನೆಯವರಿಗೂ ಹೇಳು."

ಎಡಚಿ ತಿರುಗಿ ಬೀದಿಯನ್ನು ನೋಡಿದಳು. ಗೇಟು ಗೇಟಿಗೂ ಗಂಟು. ತನ್ನ ಹೆಸರನ್ನೂ ಕೇಳದ ಜನ, ಬಾಗಿಲು ಹಾಕಿಕೊಂಡು, ತನಗಾಗಿ ತಮ್ಮ ಬಟ್ಟೆಗಳ ಮೇಲೆ ಕೂತಿದ್ದಾರೆ. ನಗು ಬರಬೇಕಿತ್ತು, ಕಣ್ಣು ತುಂಬಿತು. ಇಂಥದ್ದೂ ಲೋಕದಲ್ಲಿ ಉಂಟೇ ಎಂದು ಗೇಟಿನ ಕಂಬಿ ಹಿಡಿದು ನಿಂತುಬಿಟ್ಟಳು. ಆಮೇಲೆ ಸದ್ದಾಗದಂತೆ ಹಿಂದಿರುಗಿದಳು.

"ಏನಂದ್ರು?" ಎಂದ ಗಂಡ.

"ಇನ್ನೂ ಗರಿಗರಿ ಬೇಕಂತೆ."

ಅವನು ಅಂಗಿ ಎಳೆದುಕೊಂಡು ತೋಳಿನ ಗೆರೆಯ ಮೇಲೆ ಹೆಬ್ಬೆರಳು ಆಡಿಸಿದ. ಅವನೂ ಅದೇ ಕಸುಬಿನವನು. ಗೇಟುಗಳ ಕಡೆ ಒಮ್ಮೆ ನೋಡಿದ. ಇನ್ನೇನು ಅಕ್ಕಿಚೀಲದ ಹಾಗೆ ಗಂಟುಗಳನ್ನೆಲ್ಲ ವಾಪಸು ಕೊಟ್ಟು ಬಾ ಎನ್ನುತ್ತಾನೆ ಎಂದುಕೊಂಡಳು ಎಡಚಿ.

ಅವನು ತಟ್ಟೆಯ ನೀರಿಗೆ ಕೈ ಅದ್ದಿ ಅಂಗಿಯ ಮೇಲೆ ನಿಧಾನವಾಗಿ ಚಿಮುಕಿಸಿದ. ಇಸ್ತ್ರಿಪೆಟ್ಟಿಗೆಯನ್ನು ಅವಳ ಎಡಗೈ ಕಡೆಗೆ ಸರಿಸಿದ.

"ಗೆರೆ ಇದ್ದಲ್ಲೇ ಬೀಳ್ಲಿ," ಎಂದ.