ಏಕವಚನ

ಪಕ್ಕದ ತರಗತಿಯಲ್ಲಿ ಯಾರೋ ಬೆಂಚು ಎಳೆಯುತ್ತಿದ್ದಾರೆ, ಕರ್ರ್ ಅಂತ, ಹಲ್ಲು ಜುಮ್ಮೆನ್ನುವ ಹಾಗೆ, ಎಳೆಯಲಿ, ಅಷ್ಟಾದರೂ ಸದ್ದಿರಲಿ — ಅಕ್ಕ ಇದ್ದಾಗ ಬೇರೆ ಸದ್ದು ಕೇಳಿಸಿದ್ದರೆ ತಾನೇ, ಎದುರು ಮೇಜಿನಿಂದ ಒಂದೇ ಸಮ, ಲೇ ಕತ್ತೆ, ಮೊದಲು ಊಟ ಮಾಡು, ಆಮೇಲೆ ವಿಶ್ವವಿದ್ಯಾಲಯಾನ ಉದ್ಧಾರ ಮಾಡುವಿಯಂತೆ — ಒಡಹುಟ್ಟಿದವಳೇನಲ್ಲ, ವಿಭಾಗದಲ್ಲಿ ನನಗಿಂತ ಹಿರಿಯಳು, ಆದರೂ ಈ ಇಡೀ ಕಟ್ಟಡದಲ್ಲಿ ನನ್ನನ್ನು ಏಕವಚನದಲ್ಲಿ ಕರೆದವಳು ಅವಳೊಬ್ಬಳೇ, ಉಳಿದವರಿಗೆಲ್ಲ ನಾನು ಮೇಡಂ. ಕುಲಸಚಿವೆಯಾಗಿ ಆಡಳಿತ ಕಟ್ಟಡಕ್ಕೆ ಹೋದಳು, ಅವಳ ಕುರ್ಚಿಯಲ್ಲಿ ಈಗ ಉತ್ತರಪತ್ರಿಕೆಗಳ ಕಟ್ಟು ಕೂತಿದೆ.

ಕಂಪ್ಯೂಟರಿನಲ್ಲಿ ತೆರೆದಿರುವುದು ನಾವಿಬ್ಬರೂ ಸೇರಿ ಬರೆದ ಪ್ರಬಂಧ, ಅಧ್ಯಾಪಕರು ಯಾಕೆ ಸಂಶೋಧನೆ ಮಾಡುವುದಿಲ್ಲ ಅಂತ, ಕೋಣೆ ಕೋಣೆಗೆ ಹೋಗಿ ಕೇಳಿದ್ದೇ ಕೇಳಿದ್ದು, ಪಾಠದ ಹೊರೆ, ಹಾಸಿಗೆ ಹಿಡಿದ ಅತ್ತೆ, ಬಾರದ ಅನುದಾನ, ಕಡೆಗೆ ಸಿಕ್ಕ ಉತ್ತರ ಎಷ್ಟು ಸಣ್ಣದು, ಜೊತೆಗೆ ಮಾತಾಡುವವರು ಒಬ್ಬರಿದ್ದರೆ ಬರೆಯುತ್ತಾರೆ, ಇಲ್ಲದಿದ್ದರೆ ಇಲ್ಲ, ಅಯ್ಯೋ ಇದಕ್ಕೆ ಸಂಶೋಧನೆ ಬೇರೆ ಬೇಕಿತ್ತೇನೇ ಅಂತ ಅಕ್ಕ ನಕ್ಕಿದ್ದಳು. ನಿನ್ನೆ ಅವಳ ಛೇಂಬರಿಗೆ ಹೋದೆ, ಜನ ಕೂತಿದ್ದರು, ಬನ್ನಿ ಮೇಡಂ ಅಂದಳು, ಹಿಂದೆ ಬೇರೆ ಯಾರೋ ಬಂದರೇನೋ ಅಂತ ತಿರುಗಿ ನೋಡಿದೆ, ಅಂದದ್ದು ನನಗೇ — ಪ್ರಬಂಧಕ್ಕೆಲ್ಲ ಇನ್ನು ನನಗೆ ಟೈಮ್ ಆಗೋಲ್ಲ ಅಂದಳು, ನನ್ನ ಹೆಸರು ತೆಗೆದುಬಿಡಿ, ಪೂರ್ತಿ ನಿಮ್ಮದೇ ಆಗಲಿ, ಬಡ್ತಿಗೂ ಅನುಕೂಲ. ಜನ ಎದ್ದು ಹೋದ ಮೇಲೂ ನೀವೇ. ಆಗಲಿ ಮೇಡಂ ಅಂದೆ.

ಇವತ್ತೇ ಕೊನೆಯ ದಿನ, ಕಳಿಸದಿದ್ದರೆ ಬಡ್ತಿ ಈ ಸಲವೂ ಗೋತಾ, ಹೆಸರು ತೆಗೆದೆ, ನಾವು ಇದ್ದಲ್ಲೆಲ್ಲ ನಾನು ಆಗಲಿ ಅಂತ ಕಂಪ್ಯೂಟರಿಗೆ ಹೇಳಿದೆ, ಒಂದೇ ಏಟಿಗೆ ಮಾಡಿ ಮುಗಿಸಿತು, ಪಾಪ, ವ್ಯಾಕರಣ ಅದಕ್ಕೇನು ಗೊತ್ತು, ಕ್ರಿಯಾಪದ ಹಾಗೇ ಬಿಟ್ಟಿದೆ, ನಾನು ಕೇಳಿದೆವು, ನಾನು ಕಂಡೆವು, ನಗು ಬಂತು, ಇದನ್ನು ಅಕ್ಕನಿಗೆ ಹೇಳಲೇಬೇಕು, ಫೋನು ತೆಗೆದೆ, ಏನಂತ ಕರೆಯಲಿ, ಇಟ್ಟೆ, ಒಂದೊಂದಾಗಿ ತಿದ್ದುತ್ತಾ ಬಂದೆ, ಕೇಳಿದೆ, ಕಂಡೆ, ಇನ್ನೊಂದೇ ಸಾಲು, ಕಡೆಯದು, ಅದಾದರೆ ಕಳಿಸುವುದೇ, ಕೈ ಏಳುತ್ತಿಲ್ಲ — ಈ ಕೆಲಸವನ್ನು ನಾನು ಮುಂದೆಯೂ ಜೊತೆಯಾಗಿ ಮಾಡಲಿದ್ದೇವೆ, ನಾನು ಜೊತೆಯಾಗಿ, ನಾನು ಮಾಡಲಿದ್ದೇವೆ, ನಾನು