ಮೊಳೆ ತೂತಿನ ಸೀರೆ

"ಹಗ್ಗ ಬಿಗೀಬ್ಯಾಡ್ರೋ, ತಡೀರಿ." ಕಂಠಪ್ಪ ಚಟ್ಟದ ಬಿದಿರಿನ ಮೇಲೆ ಕೈಯಿಟ್ಟ. ಊರಿನ ಸಾವುಗಳ ಶಾಸ್ತ್ರವೆಲ್ಲ ಅವನದೇ. "ಮೇಲೆ ಹೊದಿಸೋ ತವರು ಸೀರೆ ಎಲ್ಲಿ?"

ಗಂಟು ಹಾಕುತ್ತಿದ್ದವರು ಕೈ ಬಿಟ್ಟರು. ಚಿಕ್ಕಬಸಮ್ಮನನ್ನು ಜಗುಲಿಯ ಮುಂದೆ ಚಟ್ಟದ ಮೇಲೆ ಮಲಗಿಸಿದ್ದರು. ಕೆನ್ನೆಗೆ ಅರಿಶಿನ ಹಚ್ಚಿದ್ದರೂ ಕೈಬೆರಳುಗಳ ಸಂದಿಯಲ್ಲಿ ಜೋಳದ ಹೊಲದ ಮಣ್ಣಿನ ಕಲೆ ಹಾಗೇ ಇತ್ತು.

"ಮಾವ ತೀರ್ಕೊಂಡು ಎಷ್ಟು ವರ್ಸ ಆಯ್ತು. ಕೋಟೆ ಕಡೆ ತವರಲ್ಲಿ ನಮ್ಮವ್ವುಂಗೆ ಇನ್ಯಾರವ್ರೆ?" ಎಂದಳು ಮಗಳು ಸೌಂದರ್ಯ. "ಅವರು ಕೊಟ್ಟ ಹಸಿರು ಸೀರೆ ಒಂದಿತ್ತು. ಟ್ರಂಕೆಲ್ಲ ತಡಕಾಡ್ದೆ, ಕಾಣೆ."

"ಪಿರಿಯಾಪಟ್ಣಕ್ಕೆ ಬೈಕ್ ಕಳ್ಸಿ ಒಂದು ತರ್ಸನಾ?" ಎಂದು ಯಾರೋ ಕೇಳಿದರು.

"ಗಂಡನ ಮನೆಯೋರು ತಂದದ್ದು ತವರು ಸೀರೆ ಎಂಗಾಯ್ತದ್ಲಾ?" ಎಂದ ಕಂಠಪ್ಪ.

ಕಂಬಕ್ಕೆ ಒರಗಿ ಕೂತಿದ್ದ ಗಂಡ ಮುದ್ದಯ್ಯ ತಲೆಯೆತ್ತಲಿಲ್ಲ. "ಕಾಯ್ಲೇಲಿ ಮಲಗಿದ್ದಾಗ ಅವ್ಳು ಕೇಳಿದ್ದು ಅದೊಂದೇ. ಅದಿಲ್ದೆ ಎತ್ತಕ್ಕೆ ನಾನು ಬುಡಾಕಿಲ್ಲ."

ಬೈಲಕುಪ್ಪೆಯ ಟಿಬೆಟನ್ ಕ್ಯಾಂಪಿನ ಯಾಂಗ್ಚೆನ್ ಅಷ್ಟರಲ್ಲೇ ಬಂದಿದ್ದಳು. ಅವಳ ಹೊಲದಲ್ಲಿ ಚಿಕ್ಕಬಸಮ್ಮ ಕಳೆ ಕೀಳುತ್ತಿದ್ದಳು. ತಮ್ಮ ಪದ್ಧತಿಯಂತೆ ಬಿಳಿ ರೇಷ್ಮೆ ಶಾಲನ್ನು ಹೆಣದ ಎದೆಯ ಮೇಲಿಟ್ಟು, ಸೌಂದರ್ಯಳ ಹತ್ತಿರ ಬಂದಳು.

"ಹಸಿರು ಸೀರೆ ಅಂದ್ಯಲ್ಲ, ಕೆಂಪು ಅಂಚಿನದಾ?"

"ಊಂ ಅಕ್ಕ."

"ಎತ್ತಬೇಡಿ. ಬಂದೆ."

ಸ್ಕೂಟರ್ ಧೂಳೆಬ್ಬಿಸಿಕೊಂಡು ಹೋಯಿತು. "ಏನೋ ಬೇಜಾರು ಮಾಡ್ಕಂಡ್ಲು ಕಣವ್ವ" ಎಂದಳು ಒಬ್ಬಳು.

*

ಹೊಳೆ ಉಕ್ಕಿದ ವರ್ಷ ಯಾಂಗ್ಚೆನ್ ಮನೆಯಲ್ಲಿ ಕಿಟಕಿಯ ಮಟ್ಟಕ್ಕೆ ನೀರು ನಿಂತಿತ್ತು. ನೀರಿಳಿದ ಮೇಲೆ ಚಿಕ್ಕಬಸಮ್ಮ ದಿನಾ ಬೆಳಿಗ್ಗೆ ಬಿದಿರು ಮಂಕರಿ ಹಿಡಿದು ಅಲ್ಲಿಗೆ ಹೊರಡುತ್ತಿದ್ದಳು.

"ಎಲ್ಲಿಗಮ್ಮೀ?" ಎಂದು ಮುದ್ದಯ್ಯ ಕೇಳಿದರೆ, "ತವರಿಗೆ" ಎನ್ನುತ್ತಿದ್ದಳು.

"ಅಲ್ಲೇನು ಕೋಳಿ ಕುಯ್ದವ್ರಾ?"

"ಕೆಸರು ಬಡಿಸ್ತಾರೆ, ಬತ್ತೀಯಾ?"

ಮನೆಯೊಳಗಿನ ರಾಡಿಯನ್ನೆಲ್ಲ ಹೊತ್ತು ಹಾಕಿದಳು. ಬಿಸಾಡಲು ತೆಗೆದಿಟ್ಟ ಕಂಬಳಿಗಳನ್ನು ತುಳಿದು ಒಗೆದಳು. ಆ ರಾಶಿಯಲ್ಲಿ ಸುರುಳಿ ಸುತ್ತಿದ್ದ, ಕೆಸರು ಮೆತ್ತಿದ ಬಟ್ಟೆಯೊಂದಿತ್ತು. ಅದಕ್ಕೂ ಸೋಪು ಹಚ್ಚಿ ಕಲ್ಲಿಗೆ ಉಜ್ಜಿದಳು. ಯಾಂಗ್ಚೆನ್ ಓಡಿ ಬರುವಷ್ಟರಲ್ಲಿ ಬಣ್ಣ ನೀರಾಗಿ ಹರಿಯುತ್ತಿತ್ತು. ಅದು ಅವಳ ಅಜ್ಜ ಟಿಬೆಟ್ಟಿನಿಂದ ಹೆಗಲ ಮೇಲೆ ತಂದ ಬುದ್ಧನ ಪಟ.

"ಅಯ್ಯೋ, ನಿಮ್ಮ ದ್ಯಾವ್ರ ಮೊಕಾನೇ ತೊಳ್ದುಬುಟ್ಟೆನಲ್ಲವ್ವ!"

ಯಾಂಗ್ಚೆನ್ ಒಗೆಯುವ ಕಲ್ಲಿನ ಮೇಲೆ ಕೂತು ಅತ್ತಳು. ಮನೆಗೆ ನೀರು ನುಗ್ಗಿದ ದಿನ ಅವಳು ಅತ್ತಿರಲಿಲ್ಲ.

ಮಾರನೆಯ ದಿನ ಚಿಕ್ಕಬಸಮ್ಮ ಮಂಕರಿಯಲ್ಲಿ ಮಡಿಕೆ ಬಿಚ್ಚದ ಹಸಿರು ಸೀರೆ ತಂದಳು. "ನಮ್ಮಣ್ಣ ಕೊನೇಲಿ ಕೊಟ್ಟಿದ್ದು. ಉಟ್ಟಿಲ್ಲ. ದ್ಯಾವ್ರ ಗ್ವಾಡೆ ಬರಿದಾಗಿರಬಾರ್ದು." ಬೇಡವೆಂದರೂ ಕೇಳದೆ, ಸ್ಟೂಲು ಹತ್ತಿ ಎರಡು ಮೂಲೆಗೂ ತಾನೇ ಮೊಳೆ ಹೊಡೆದಳು. ತನ್ನ ಮನೆಯಲ್ಲಿ ಯಾರಿಗೂ ಹೇಳಲಿಲ್ಲ.

*

ಯಾಂಗ್ಚೆನ್ ಸೀರೆಯನ್ನು ಎರಡೂ ಕೈಯಲ್ಲಿ ಹಿಡಿದು ತಂದಳು. ಬೆಣ್ಣೆ ದೀಪದ ವಾಸನೆ ಅಂಗಳಕ್ಕೆಲ್ಲ ಹರಡಿತು. ಮೂಲೆಗಳಲ್ಲಿ ತುಕ್ಕು ಹಿಡಿದ ತೂತುಗಳಿದ್ದವು.

"ಮಾವಂದೇ" ಎಂದಳು ಸೌಂದರ್ಯ. ಅದು ಅಲ್ಲಿಗೆ ಹೋದದ್ದು ಹೇಗೆಂದು ಯಾಂಗ್ಚೆನ್ ಎರಡು ಮಾತಿನಲ್ಲಿ ಹೇಳಿದಳು.

"ಸೀರೆ ಸರಿ ಕಣವ್ವ" ಎಂದ ಕಂಠಪ್ಪ. "ಹೊದಿಸೋರೂ ತವರೋರೇ ಆಗಬೇಕಲ್ಲ."

ಮುದ್ದಯ್ಯ ಕಂಬ ಹಿಡಿದು ಎದ್ದ. ಸೀರೆಯ ತೂತನ್ನು ಹೆಬ್ಬೆರಳಿನಿಂದ ಮುಟ್ಟಿ ನೋಡಿದ. "ದಿನಾ ಹೇಳೋಳು, ತವರಿಗೆ ಹೋಯ್ತೀನಿ ಅಂತ" ಎಂದ. "ನಾನು ತಮಾಸೆ ಅಂದ್ಕಂಡಿದ್ದೆ. ನೀನೇ ಹೊದಿಸವ್ವ."

ಕಂಠಪ್ಪ ಪಕ್ಕಕ್ಕೆ ಸರಿದ. ಯಾಂಗ್ಚೆನ್ ಬಿಳಿ ಶಾಲನ್ನು ಎತ್ತಿ, ಸೀರೆ ಹರಡಿ, ಶಾಲನ್ನು ಮತ್ತೆ ಮೇಲಿಟ್ಟಳು. ಹಗ್ಗ ಬಿಗಿದರು.

ಊರಮುಂದಿನ ಕಲ್ಲಿನ ಹತ್ತಿರ ಹೆಂಗಸರೆಲ್ಲ ನಿಂತರು. ಅಲ್ಲಿಂದಾಚೆ ಗಂಡಸರು ಮಾತ್ರ. ಯಾಂಗ್ಚೆನ್‌ಗೆ ಅದು ಗೊತ್ತಿರಲಿಲ್ಲ. ಗಾಳಿಗೆ ಸೀರೆಯ ಒಂದು ಮೂಲೆ ಚಟ್ಟದಿಂದ ಜಾರಿ ಹಾರುತ್ತಿತ್ತು. ಅವಳು ಅದನ್ನು ಹಿಡಿದುಕೊಂಡು, ಹೆಗಲು ಕೊಟ್ಟವರ ಜೊತೆ ಜೋಳದ ಹೊಲದ ಬದುವಿನ ಮೇಲೆ ನಡೆಯುತ್ತಲೇ ಇದ್ದಳು.

ಮುಂದಿದ್ದ ಕಂಠಪ್ಪ ತಿರುಗಿ ನೋಡಿದ. ಆಮೇಲೆ ಮಡಿಲಿನಿಂದ ಒಂದು ಹಿಡಿ ಪುರಿ ತೆಗೆದು ದಾರಿಗೆ ಎರಚಿದ.