ಕ್ಲಚ್ಚಿಲ್ಲದ ಬಸ್ಸು

"ಇನ್ನೊಂಚೂರು ಎಡಕ್ಕೆ... ಅಯ್ಯೋ, ನಿನ್ನ ಎಡ ಅಲ್ಲ ಮಾರಾಯ, ನನ್ನ ಎಡ!" ಎಂದು ರಾವಿರಿ ಬಸ್ಸಿನ ಒಳಗಿನಿಂದ ಕೂಗಿದ.

ಶವಪೆಟ್ಟಿಗೆ ಹಿಂಬಾಗಿಲಲ್ಲಿ ಅರ್ಧ ಒಳಗೆ ಅರ್ಧ ಹೊರಗೆ ನಿಂತುಬಿಟ್ಟಿತ್ತು. ಒಳಗಿನ ತುದಿ ಅಡುಗೆಕಟ್ಟೆಯ ಮೂಲೆಗೆ ತಗುಲಿ ಮುಂದೆ ಹೋಗಲೊಲ್ಲದು. ಆ ಕಟ್ಟೆಯನ್ನು ಕೂರಿಸಿದವನು ಆರ್ಚಿ ಟುಲಕ್. ಈಗ ಅದಕ್ಕೆ ಸಿಕ್ಕಿಕೊಂಡು ಮಲಗಿದ್ದವನೂ ಅವನೇ.

"ಬದುಕಿದ್ದಾಗ್ಲೂ ಅಷ್ಟೇ ಅಲ್ವಾ," ಎಂದ ಹೊರಗೆ ಭಾರ ಹೊತ್ತು ನಿಂತಿದ್ದ ಟ್ರೆವರ್, ಏದುಸಿರು ಬಿಡುತ್ತಾ. "ಬಿಸ್ಕತ್ತಿನ ಡಬ್ಬಿ ದಾಟಿ ಒಳಗೆ ಹೋದ ಮನುಷ್ಯನೇ ಅಲ್ಲ ಇವನು."

ಹೊತ್ತವರೆಲ್ಲ ನಕ್ಕರು. ನಗುವಾಗ ಪೆಟ್ಟಿಗೆ ಅಲುಗಾಡಿತು. ಹುಲ್ಲಿನ ಮೇಲೆ ಮಡಚುಕುರ್ಚಿಯಲ್ಲಿ ಕುಳಿತಿದ್ದ ನೈರಿ ಕೂಡ ನಕ್ಕಳು, ಆಮೇಲೆ ಕರವಸ್ತ್ರ ಹುಡುಕಿದಳು. ಅವಳು ಆರ್ಚಿಯ ಹೆಂಡತಿ. ಮನೆ ಮಾರಿ ಗಂಡನ ಜೊತೆ ಈ ಬಸ್ಸಿಗೆ ಬಂದವಳು. ಅಂದಿನಿಂದ ಈ ದ್ವೀಪದಲ್ಲಿ ಅವರಿಬ್ಬರೂ ಬಸ್ಸು ನಿಲ್ಲಿಸಿ ಚಹಾ ಕುಡಿಯದ ಕೆರೆದಂಡೆಯಿಲ್ಲ.

ಫೇರ್ಲಿ ಊರಿನ ಆಚೆಯ ಮೈದಾನದಲ್ಲಿ ಅವರಂತೆಯೇ ಬಸ್ಸನ್ನೇ ಮನೆ ಮಾಡಿಕೊಂಡವರು ಸಾಲಾಗಿ ಬಂದು ನಿಂತಿದ್ದರು. ಈ ಬಳಗದಲ್ಲಿ ಯಾರಾದರೂ ತೀರಿಕೊಂಡರೆ ಕೊನೆಯ ದಾರಿಯೂ ಸ್ವಂತ ಬಸ್ಸಿನಲ್ಲೇ ಆಗಬೇಕು. ಎಲ್ಲಕ್ಕಿಂತ ನಿಧಾನವಾದ ಬಸ್ಸು ಮುಂದೆ, ಉಳಿದವರು ಅದರ ಹಿಂದೆ. ಹಾಗೆ ನೋಡಿದರೆ ಆರ್ಚಿ ಬದುಕಿದ್ದಾಗಲೂ ಯಾವಾಗಲೂ ಮುಂದೆಯೇ ಇದ್ದ.

"ಅಮ್ಮ, ಶವ ಒಯ್ಯೋ ಕಾರು ಬಂದು ನಿಂತಿದೆ," ಎಂದಳು ಮಗಳು ಶೋನಾ ಬಗ್ಗಿ, ಮೆಲ್ಲಗೆ. "ಯಾಕೆ ಇಷ್ಟೊಂದು ಒದ್ದಾಟ? ಅಪ್ಪನ್ನ ಹೀಗೆ ಸಾಮಾನಿನ ಥರ ತುರುಕೋದು ನೋಡೋಕಾಗ್ತಿಲ್ಲ ನಂಗೆ."

"ಕಟ್ಟೆಯ ಕೆಳಗಿನ ಖಾನೆ ಬಿಚ್ಚಿದ್ರೆ ಹೋಗತ್ತೆ. ಎರಡೇ ಸ್ಕ್ರೂ," ಎಂದಳು ನೈರಿ. ಅದು ಶೋನಾಳಿಗೆ ಕೊಟ್ಟ ಉತ್ತರವೋ ರಾವಿರಿಗೆ ಕೊಟ್ಟ ಸೂಚನೆಯೋ ಗೊತ್ತಾಗಲಿಲ್ಲ. ರಾವಿರಿ ಖಾನೆ ಬಿಚ್ಚಿದ. ಪೆಟ್ಟಿಗೆ ಸರಾಗವಾಗಿ ಒಳಗೆ ಹೋಗಿ ಒಲೆಗೂ ಹಾಸಿಗೆಗೂ ನಡುವೆ ಕುಳಿತಿತು.

ಶೋನಾ ಕೆಟ್ಟವಳಲ್ಲ. ಕ್ರೈಸ್ಟ್‌ಚರ್ಚಿನ ತನ್ನ ಮನೆಯ ಹಿತ್ತಲಲ್ಲಿ ಅಮ್ಮನಿಗೆಂದು ಕೋಣೆ ಸಿದ್ಧಮಾಡಿ, ಪರದೆ ಕೂಡ ಹಾಕಿಸಿದ್ದಳು. ಬಸ್ಸು ಕೊಳ್ಳುವವರು ಮರುದಿನ ನೋಡಲು ಬರುವವರಿದ್ದರು. ಓಡಿಸುವವನೇ ಹೋದ ಮೇಲೆ ಓಡುವ ಮನೆ ಯಾರಿಗೆ ಬೇಕು? ಈ ಮಾತನ್ನು ಎಲ್ಲರೂ ಒಪ್ಪಿದ್ದರು. ನೈರಿಯನ್ನು ಮಾತ್ರ ಯಾರೂ ಕೇಳಿರಲಿಲ್ಲ. ಅವಳೂ ತಾನಾಗಿ ಏನೂ ಹೇಳಿರಲಿಲ್ಲ.

"ಸ್ಮಶಾನದವರೆಗೆ ನಾನೇ ಓಡಿಸ್ಲಾ?" ಎಂದು ಟ್ರೆವರ್ ಕೇಳಿದ.

"ನಿನ್ನ ಕೈಗೆ ಕೊಟ್ರೆ ಆರ್ಚಿ ಎದ್ದು ಕೂತ್ಕೋತಾನೆ," ಎಂದ ರಾವಿರಿ.

"ಇದನ್ನ ಓಡಿಸೋಕೆ ಡ್ರೈವರ್ ಯಾಕಪ್ಪಾ ಬೇಕು? ಬಟ್ಟೆ ಒಗೆಯೋ ಮಷೀನು. ಬಟನ್ ಒತ್ತಿ ಸುಮ್ನೆ ಕೂತ್ರೆ ಆಯ್ತು!" ಎಂದ ಟ್ರೆವರ್.

ಇದು ಕ್ಲಚ್ಚಿಲ್ಲದ ಆ ಬಸ್ಸಿನ ಮೇಲಿನ ಹಳೆಯ ಹಾಸ್ಯ. ಆದರೂ ಎಲ್ಲರೂ ಮತ್ತೆ ನಕ್ಕರು.

*

ಹಳೆಯ ಪೆಟ್ರೋಲ್ ಎಂಜಿನ್ ಕೈಕೊಟ್ಟ ಚಳಿಗಾಲದಲ್ಲಿ ಆರ್ಚಿ ಬಸ್ಸನ್ನು ಗೆಳೆಯ ರಾವಿರಿಯ ರಿಪೇರಿ ಶೆಡ್ಡಿಗೆ ಎಳೆಸಿ ತಂದಿದ್ದ. ಗುಜರಿಗೆ ಬಿದ್ದ ಲಾರಿಯೊಂದರ ಡೀಸೆಲ್ ಎಂಜಿನ್ ಸಿಕ್ಕಿತ್ತು. ಎಂಜಿನ್ ಬಗ್ಗೆ ತಕರಾರಿರಲಿಲ್ಲ. ತಕರಾರು ಎದ್ದದ್ದು ಅದರ ಬೆನ್ನಿಗೆ ಯಾವ ಗೇರ್‌ಬಾಕ್ಸ್ ಕೂರಿಸಬೇಕೆಂಬಲ್ಲಿ. ಶೆಡ್ಡಿನ ನೆಲದ ಮೇಲೆ ಎರಡಿದ್ದವು. ಒಂದು ಆರು ಗೇರಿನದು, ಕ್ಲಚ್ ತುಳಿದು ಕೈಯಿಂದ ಹಾಕುವಂಥದು. ಇನ್ನೊಂದು ಪಟ್ಟಣದ ಬಸ್ಸಿನಿಂದ ಕಳಚಿದ, ಕ್ಲಚ್ಚೇ ಇಲ್ಲದೆ ತಾನಾಗಿ ಗೇರ್ ಬದಲಿಸುವ ಆಟೊಮ್ಯಾಟಿಕ್.

ಆರ್ಚಿ ಕೈಯಿಟ್ಟದ್ದು ಆಟೊಮ್ಯಾಟಿಕ್ ಮೇಲೆ. ರಾವಿರಿ ತಮಾಷೆಯೆಂದುಕೊಂಡ. ಜೀವನವಿಡೀ ಬೆಟ್ಟದ ಜಲ್ಲಿರಸ್ತೆಯಲ್ಲಿ ಬಸ್ಸು ಓಡಿಸಿದ ಮನುಷ್ಯ ಆರ್ಚಿ. ಎಂಜಿನ್ ಸದ್ದು ಕೇಳಿಯೇ ಕ್ಲಚ್ ಮುಟ್ಟದೆ ಗೇರ್ ಬದಲಿಸುತ್ತಿದ್ದ. ನಿದ್ದೆಹೋದ ಪ್ರಯಾಣಿಕರಿಗೆ ಎಚ್ಚರವಾಗುತ್ತಿರಲಿಲ್ಲ. ಅದು ಅವನ ಒಂದೇ ಒಂದು ಜಂಭ.

"ಡೀಸೆಲ್ ಜಾಸ್ತಿ ಕುಡಿಯತ್ತೆ ಕಣೋ. ಗುಡ್ಡ ಹತ್ತುವಾಗ ಅದರ ಎಣ್ಣೆ ಕಾಯತ್ತೆ, ಅದಕ್ಕೊಂದು ಬೇರೆ ರೇಡಿಯೇಟರ್ ಹಾಕ್ಬೇಕು. ಈ ಆರು ಗೇರಿಂದು ಹಾಕು, ಟಾಪ್ ಗೇರ್‌ಗೆ ಹಾಕಿದ್ರೆ ಎಂಜಿನ್ ಗೊರಕೆ ಹೊಡೀತಾ ಹೋಗತ್ತೆ," ಎಂದ ರಾವಿರಿ.

"ಎಡಮಂಡಿ ನೋವು ಮಾರಾಯ. ಕ್ಲಚ್ ತುಳಿಯೋಕಾಗಲ್ಲ."

"ಯಾವ ಮಂಡಿ? ಮೊನ್ನೆ ಆಲೂಗೆಡ್ಡೆ ಮೂಟೆ ಹೊತ್ಕೊಂಡು ನನ್ನ ಮೆಟ್ಟಿಲು ಹತ್ತಿದ್ಯಲ್ಲ?"

"ಅದು ಬಲಗಾಲಲ್ಲಿ ಹತ್ತಿದ್ದು."

ಅಷ್ಟು ಹೇಳಿ ಆರ್ಚಿ ಚಹಾ ಹೀರಿದ. ಅವನು ಚಹಾ ಹೀರತೊಡಗಿದನೆಂದರೆ ಮಾತು ಮುಗಿಯಿತೆಂದು ಅರ್ಥ.

ಗೇರ್‌ಬಾಕ್ಸಿನ ಗಲಾಟೆಯಲ್ಲಿ ಇಬ್ಬರು ಮಹಾನುಭಾವರೂ ಹಿಂದಿನ ಚಕ್ರಗಳ ಆಕ್ಸಲನ್ನೇ ಮರೆತುಬಿಟ್ಟರು. ಪೆಟ್ರೋಲ್ ಎಂಜಿನ್ ಚುರುಕಾಗಿ ತಿರುಗುತ್ತಿತ್ತು, ಆಕ್ಸಲಿನ ಗೇರು ಅದಕ್ಕೆ ಹೊಂದಿಸಿದ್ದು. ಡೀಸೆಲ್‌ಗೆ ಬಲ ಹೆಚ್ಚು, ತಿರುಗುವುದು ನಿಧಾನ. ಹಳೆಯ ಆಕ್ಸಲನ್ನೇ ಉಳಿಸಿಕೊಂಡು ಹೊರಟ ಮೊದಲ ದಿನ ಎಂಜಿನ್ ಗಂಟಲು ಹರಿದುಕೊಂಡು ಅರಚಿತು, ಬಸ್ಸು ಮಾತ್ರ ತೆವಳಿತು. ಹುಲ್ಲಿನ ಹೊರೆ ಹೇರಿಕೊಂಡ ಟ್ರ್ಯಾಕ್ಟರೊಂದು ಅವರನ್ನು ದಾಟಿ, ಕೈಬೀಸಿ ಹೋಯಿತು. ನೈರಿ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು.

ಆಕ್ಸಲಿನ ಗೇರು ಬದಲಿಸುವಾಗ ಮತ್ತೆ ಅದೇ ಕಥೆ. ಸಪಾಟು ರಸ್ತೆಯಲ್ಲಿ ವೇಗವಾಗಿ ಹೋಗುವ ಗೇರಿನ ಜೋಡಿ ಸಿಕ್ಕಿತ್ತು. ಆರ್ಚಿ ಅದನ್ನು ಬಿಟ್ಟು ಅದಕ್ಕಿಂತ ನಿಧಾನದ್ದನ್ನು ಆರಿಸಿಕೊಂಡ.

"ಇಳಿಜಾರಲ್ಲಿ ಎಂಜಿನ್ನೇ ಬಸ್ಸನ್ನ ಹಿಡ್ಕೋಬೇಕು. ಬ್ರೇಕ್ ನಂಬ್ಕೊಂಡು ಇಳಿಯೋ ಹಾಗಿರಬಾರದು," ಎಂದ.

"ಘಾಟಿ ಇಳಿಸೋದರಲ್ಲೇ ಕೂದಲು ಬೆಳ್ಳಗಾದೋನು ನೀನು. ನಿಂಗ್ಯಾಕಪ್ಪಾ ಇಳಿಜಾರಿನ ಭಯ?"

ಆರ್ಚಿ ಮತ್ತೆ ಚಹಾ ಹೀರಿದ.

ಎಲ್ಲ ಜೋಡಿಸಿದ ಮೇಲೆ ಬರ್ಕ್ಸ್ ಘಾಟಿಗೆ ಪರೀಕ್ಷೆಗೆಂದು ಇಬ್ಬರೇ ಹೊರಟರು. ಹೊರಡುವ ಮುಂಚೆ ಆರ್ಚಿ ಎಡಗಾಲಿನ ಬೂಟು ಕಳಚಿದ. ಆ ಕಾಲನ್ನು ಮಡಚಿ ಸೀಟಿನ ಮೇಲೆ ತನ್ನಡಿಗೆ ಇಟ್ಟುಕೊಂಡ. ಹತ್ತುವಾಗ, ಇಳಿಯುವಾಗ, ತಿರುವಿನಲ್ಲಿ, ಎಲ್ಲಿಯೂ ಅದನ್ನು ಕೆಳಗಿಡಲಿಲ್ಲ. ಒಂಟಿಕಾಲಲ್ಲಿ ಘಾಟಿ ದಾಟಿ ಹಿಂತಿರುಗಿದ ಮೇಲೆ "ಆಗತ್ತೆ" ಎಂದಷ್ಟೇ ಹೇಳಿ ಬೂಟು ಹಾಕಿಕೊಂಡ. ರಾವಿರಿ ಆ ಬೂಟನ್ನೇ ನೋಡಿದ.

*

ಮೈದಾನದ ಮೇಜಿನ ಮೇಲೆ ಒಬ್ಬೊಬ್ಬರು ತಂದ ತಟ್ಟೆಗಳು ತುಂಬಿದ್ದವು: ಮೊಟ್ಟೆಯ ಸ್ಯಾಂಡ್‌ವಿಚ್, ಸಾಸೇಜ್ ರೋಲ್, ಸ್ಕೋನ್. ಗುಡ್ಡದ ಮೇಲಿನ ಸ್ಮಶಾನಕ್ಕೆ ಹೊರಡುವ ಮೊದಲು ಒಂದು ಲೋಟ ಚಹಾ. ಟ್ರೆವರ್ ಲೋಟ ಎತ್ತಿದ.

"ನಮ್ಮ ಆರ್ಚಿಗೆ. ಅವನ ಎಡಮಂಡಿಗೆ. ಅದೊಂದು ನೆಟ್ಟಗಿದ್ದಿದ್ರೆ ಇವತ್ತು ನಾವು ಗುಡ್ಡದ ಮೇಲೆ ಬೇಗ ತಲುಪ್ತಿದ್ವಿ!"

ಶೋನಾಳ ಮುಖ ಸಣ್ಣದಾಯಿತು. "ಅಪ್ಪನಿಗೆ ಮಂಡಿ ನೋವಿತ್ತಾ? ನಂಗೆ ಯಾರೂ ಹೇಳೇ ಇಲ್ವಲ್ಲ. ಹೇಳಿದ್ರೆ ಡಾಕ್ಟರ ಹತ್ರ ನಾನೇ ಕರ್ಕೊಂಡು ಹೋಗ್ತಿದ್ದೆ." ಅವಳ ಕಣ್ಣು ತುಂಬಿತು.

"ಅಳಬೇಡ ಮಗಾ," ಎಂದಳು ನೈರಿ. "ಅವನ ಮಂಡಿ ಗಟ್ಟಿಯಾಗೇ ಇತ್ತು. ಕಾಲು ಹೋಗಿದ್ದು ನಂದು."

ಟ್ರೆವರ್ ಎತ್ತಿದ ಲೋಟ ಎತ್ತಿದಂತೆಯೇ ಉಳಿಯಿತು.

ನೈರಿ ಹಿಂದೆ ಕಣಿವೆಯ ಶಾಲೆಬಸ್ಸು ಓಡಿಸುತ್ತಿದ್ದಳು. ಹಿಮಗಟ್ಟಿದ ಮೆಟ್ಟಿಲಲ್ಲಿ ಜಾರಿ ಎಡಸೊಂಟ ಮುರಿದ ಮೇಲೆ ಕ್ಲಚ್ ತುಳಿಯುವ ಕಸುವು ಆ ಕಾಲಿಗೆ ಬರಲೇ ಇಲ್ಲ. ಇದು ಎಲ್ಲರಿಗೂ ಗೊತ್ತಿತ್ತು, ಆದರೆ ಯಾರೂ ಇದನ್ನು ಆರ್ಚಿ ಆರಿಸಿದ ಗೇರ್‌ಬಾಕ್ಸಿಗೆ ಜೋಡಿಸಿ ನೋಡಿರಲಿಲ್ಲ.

"ನಿಂಗೆ ಗೊತ್ತಿತ್ತಾ?" ಎಂದು ಟ್ರೆವರ್ ರಾವಿರಿಯನ್ನು ಕೇಳಿದ.

"ಊಹೆ ಇತ್ತು," ಎಂದ ರಾವಿರಿ. "ನೈರಿಗೆ ಗೊತ್ತಿಲ್ಲ ಅಂದ್ಕೊಂಡು ಬಾಯಿ ಮುಚ್ಕೊಂಡಿದ್ದೆ."

"ಹೆಂಡತಿಗೆ ಗೊತ್ತಾಗದೇ ಇರತ್ತಾ?" ಎಂದಳು ನೈರಿ.

*

ಆ ಗೇರ್‌ಬಾಕ್ಸ್ ಕೂರಿಸಿದ ಮೇಲೆ, ಟೆಕಪೊ ಕೆರೆಯ ಬಳಿ ಖಾಲಿ ಬಯಲು ಕಂಡಲ್ಲಿ ಆರ್ಚಿ ಬಸ್ಸು ನಿಲ್ಲಿಸುತ್ತಿದ್ದ. ಚಹಾದ ಜೊತೆ ಬಸ್ಸಿನ ಕೀಲಿಯನ್ನೂ ನೈರಿಯ ಮುಂದಿಡುತ್ತಿದ್ದ.

"ಒಂದು ಸುತ್ತು ಓಡಿಸು ನೈರಿ. ಬರೀ ಬಲಗಾಲು ಸಾಕು. ಒಂದೇ ಸುತ್ತು."

"ಯಾಕೆ? ನೀನು ಎಲ್ಲಿಗೆ ಹೊರಟೆ?"

ಅವನ ಹೃದಯದ ವಿಷಯ ಡಾಕ್ಟರು ಹೇಳಿದ್ದು ಇಬ್ಬರಿಗೂ ಗೊತ್ತಿತ್ತು, ಇಬ್ಬರೂ ಆ ಮಾತೆತ್ತುತ್ತಿರಲಿಲ್ಲ. ನೈರಿ ಚಮಚದ ತುದಿಯಿಂದ ಕೀಲಿಯನ್ನು ಅವನ ಕಡೆಗೆ ತಳ್ಳುತ್ತಿದ್ದಳು. ತಾನು ಸ್ಟೀರಿಂಗ್ ಹಿಡಿದರೆ ಅವನಿಗೆ ಹೋಗಿಬಾ ಎಂದು ಅಪ್ಪಣೆ ಕೊಟ್ಟಂತೆ ಎಂದು ಅವಳಿಗೆ ಅನ್ನಿಸುತ್ತಿತ್ತು. ತಾನು ಓಡಿಸದಿರುವಷ್ಟು ದಿನ ಅವನು ಇರಲೇಬೇಕು. ಇದು ಹುಚ್ಚು ಲೆಕ್ಕವೆಂದು ಅವಳಿಗೆ ತಿಳಿದಿತ್ತು. ಆದರೂ ಅವಳು ಅದನ್ನು ಬಿಡಲಿಲ್ಲ.

*

ಹೊರಡುವ ಹೊತ್ತಾಯಿತು. ಸಾಲಿನ ಬಸ್ಸುಗಳೆಲ್ಲ ಒಂದೊಂದಾಗಿ ಎಂಜಿನ್ ಶುರುಮಾಡಿದವು. ರಾವಿರಿ ಆರ್ಚಿಯ ಬಸ್ಸಿನ ಮೆಟ್ಟಿಲಿಗೆ ಕಾಲಿಟ್ಟಾಗ ನೈರಿ ಹಿಂದಿನಿಂದ ಅವನ ಅಂಗಿ ಹಿಡಿದಳು.

"ಕೀಲಿ ಕೊಡು."

ರಾವಿರಿ ಅವಳ ಮುಖ ನೋಡಿ ಕೊಟ್ಟ.

"ಅಮ್ಮ, ಬೇಡ!" ಶೋನಾ ಓಡಿಬಂದಳು. "ಇವತ್ತು ಬೇಡ. ಗುಡ್ಡದ ರಸ್ತೆ ಅದು. ಅಪ್ಪ ಒಳಗಿದ್ದಾರೆ. ಲೈಸೆನ್ಸಾದ್ರೂ ಇದೆಯಾ ನಿಂಗೆ?"

"ಇದೆ. ಒಂದ್ಸಲಾನೂ ತಪ್ಪಿಸದೆ ಹೊಸದು ಮಾಡಿಸಿಟ್ಟಿದ್ದೀನಿ. ನಿಮ್ಮಪ್ಪನಿಗೆ ಹೇಳಿರಲಿಲ್ಲ." ನೈರಿ ಬಸ್ಸಿನ ಕಡೆ ತಿರುಗಿದಳು. "ಅವನು ನನಗಿಂತ ದೊಡ್ಡ ಕಳ್ಳ ಏನಲ್ಲ."

ಅವಳು ಬಾಗಿಲ ಕಂಬಿ ಹಿಡಿದು, ಎಡಗಾಲನ್ನು ಎಳೆದುಕೊಂಡು ಮೇಲೆ ಹತ್ತಿದಳು. ಶೋನಾ ತಡೆಯಲು ಕೈ ಚಾಚಿದಳು, ಆಮೇಲೆ ಅದೇ ಕೈಯನ್ನು ಅಮ್ಮನ ಸೊಂಟಕ್ಕೆ ಆನಿಸಿ ಮೇಲೆ ಹತ್ತಿಸಿದಳು.

ಚಾಲಕನ ಸೀಟಿನಲ್ಲಿ ಕುಳಿತಾಗ ನೈರಿಯ ಕಾಲು ಪೆಡಲಿಗೆ ಎಟುಕಲಿಲ್ಲ. ಆರ್ಚಿ ಉದ್ದ ಆಳು. ಸೀಟು ಅವನ ಅಳತೆಗೆ ಹಿಂದಕ್ಕೆ ಸರಿದು, ವರ್ಷಗಳಿಂದ ಅಲ್ಲೇ ಇತ್ತು.

"ಬೆನ್ನಿಗೆ ಒಂದು ದಿಂಬು ಕೊಡ್ತೀನಿ ತಡಿ," ಎಂದ ರಾವಿರಿ, ಪಕ್ಕಕ್ಕೆ ಬಂದು. "ಇವತ್ತೊಂದಿನ ತಾನೆ."

ನೈರಿ ಹಿಂದಕ್ಕೆ ತಿರುಗಿ ಒಲೆಯ ಪಕ್ಕದ ಪೆಟ್ಟಿಗೆಯನ್ನು ನೋಡಿದಳು, ಆಮೇಲೆ ಬಾಗಿಲಲ್ಲಿ ನಿಂತ ಮಗಳನ್ನು.

"ನಾಳೆ ಬರೋರಿಗೆ ಬರೋದು ಬೇಡ ಅಂತ ಹೇಳಿಬಿಡು ಶೋನಾ," ಎಂದಳು. "ನಿನ್ನ ಮನೆಗೆ ಬರ್ತೀನಿ. ನಾನೇ ಓಡಿಸ್ಕೊಂಡು ಬರ್ತೀನಿ, ನಾಲ್ಕು ದಿನ ಇದ್ದು ಹೋಗ್ತೀನಿ."

ರಾವಿರಿ ತಂದ ದಿಂಬನ್ನು ಪಕ್ಕಕ್ಕೆ ಸರಿಸಿ ಅವಳು ಬಗ್ಗಿದಳು. ಸೀಟಿನ ಅಡಿಯಲ್ಲಿ ತಡಕಾಡಿದಾಗ ತಣ್ಣನೆಯ ಸಣ್ಣ ಹಿಡಿಯೊಂದು ಕೈಗೆ ಸಿಕ್ಕಿತು. ಎಳೆದಳು. ತುಕ್ಕು ಹಿಡಿದು ಬಿಗಿದುಕೊಂಡಿದ್ದ ಅದು ಜಗ್ಗಲಿಲ್ಲ. ಸ್ಟೀರಿಂಗನ್ನು ಒಂದು ಕೈಯಲ್ಲಿ ಭದ್ರವಾಗಿ ಹಿಡಿದು ಮತ್ತೆ ಎಳೆದಳು. ಸೀಟು ಕಿರಗುಟ್ಟುತ್ತಾ, ಹಲ್ಲುಹಲ್ಲಾಗಿ ಮುಂದಕ್ಕೆ ಜಾರಿಬಂತು. ಅದರ ಬೆನ್ನ ಹಿಂದೆ, ನೆಲದ ಮೇಲೆ, ಒಬ್ಬ ಉದ್ದ ಗಂಡಸಿನ ಕಾಲಳತೆಯ ಜಾಗ ಖಾಲಿ ಉಳಿಯಿತು.